ರಾಜನಿಗೆ ದಾರಿ ಬಿಡಿಸುವುದು: ಮೂರು ಹಳೆಯ ಆಟಗಳಿಂದ ಎಂಡ್‌ಗೇಮ್ ಕಲಿತ ಬಗೆ

ಚೆಸ್‌ನ ಎಂಡ್‌ಗೇಮ್, ಅಂದರೆ ಹಲಗೆಯ ಮೇಲೆ ಕೆಲವೇ ಕಾಯಿಗಳು ಉಳಿದ ಕೊನೆಯ ಹಂತ, ಕಲಿಯಲು ನಾನು ಇಟ್ಟುಕೊಂಡದ್ದು ಮೂರೇ ಆಟ. ಕ್ಯಾಪಾಬ್ಲಾಂಕ–ಟಾರ್ಟಾಕೋವರ್, ನ್ಯೂಯಾರ್ಕ್ 1924. ಫಿಷರ್–ತೈಮಾನೊವ್, ವ್ಯಾಂಕೂವರ್ 1971, ನಾಲ್ಕನೇ ಆಟ. ಕಾರ್ಪೊವ್–ಕಾಸ್ಪರೊವ್, ಮಾಸ್ಕೊ 1984, ಒಂಬತ್ತನೇ ಆಟ. ಮೂರರಲ್ಲೂ ಮೊದಲ ಹೆಸರಿನವರು ಬಿಳಿ, ಗೆದ್ದವರೂ ಅವರೇ. ಮೊದಲನೆಯದು ಆನೆಗಳ (ರೂಕ್) ಎಂಡ್‌ಗೇಮ್. ಎರಡನೆಯದರಲ್ಲಿ ಗೆಲ್ಲುವುದು ಒಂಟೆ (ಬಿಷಪ್), ಸೋಲುವುದು ಕುದುರೆ. ಮೂರನೆಯದರಲ್ಲಿ ಅದೇ ತಿರುವುಮುರುವು. ಆದರೂ ಮೂರನ್ನೂ ಒಟ್ಟಿಗೆ ಇಟ್ಟದ್ದಕ್ಕೆ ಕಾರಣವಿದೆ: ಮೂರರಲ್ಲೂ ಕೇಳಬೇಕಾದ ಪ್ರಶ್ನೆ ಒಂದೇ. ರಾಜ ಎದುರಾಳಿಯ ಅಂಗಳಕ್ಕೆ ಯಾವ ದಾರಿಯಲ್ಲಿ ನುಗ್ಗುತ್ತಾನೆ, ಆ ದಾರಿಗೆ ಎಷ್ಟು ಸುಂಕ ಕಟ್ಟಬೇಕು?

ಇದಕ್ಕೆ ಕೈಹಾಕುವ ಮೊದಲು ಮೂರು ಪಾಠ ಬಾಯಿಪಾಠವಾಗಿರಬೇಕು. ರಾಜನ ಎದುರಿಗೆ ರಾಜ ನಿಲ್ಲುವ ಅಪೊಸಿಷನ್ ಲೆಕ್ಕ. ಒಂದು ಪಾನ್ (ಕಾಲಾಳು) ಹಿಂದಿರುವವರು ಡ್ರಾ ಉಳಿಸಿಕೊಳ್ಳುವ ಫಿಲಿಡೋರ್ ರಕ್ಷಣೆ, ಅಂದರೆ ಎದುರಾಳಿಯ ರಾಜ ಕಾಲಿಡಬೇಕಾದ ಸಾಲನ್ನೇ ಆನೆಯಿಂದ ಕಾಯುತ್ತಿದ್ದು, ಅವರ ಪಾನ್ ಆ ಸಾಲಿಗೆ ಬಂದ ಕೂಡಲೇ ಆನೆಯನ್ನು ದೂರದ ತುದಿಗೆ ಇಳಿಸಿ ಹಿಂದಿನಿಂದ ಚೆಕ್ ಕೊಡುವುದು. ಮೂರನೆಯದು, ಏಳನೇ ಸಾಲಿಗೆ ಬಂದ ಪಾನ್ ಇರುವವರು ಗೆಲ್ಲುವ ಲುಸೆನಾ ಸ್ಥಿತಿ: ಆನೆಯನ್ನು ನಾಲ್ಕನೇ ಸಾಲಿಗೆ ತಂದಿಟ್ಟುಕೊಂಡು, ರಾಜ ಹೊರಬಂದಾಗ ಬೀಳುವ ಚೆಕ್‌ಗೆ ಅದನ್ನೇ ಅಡ್ಡ ನಿಲ್ಲಿಸುವುದು. (ಲುಸೆನಾರ 1497ರ ಪುಸ್ತಕದಲ್ಲಿ ಈ ಸ್ಥಿತಿಯೇ ಇಲ್ಲ, ಅದು ಕಾಣುವುದು 1634ರ ಸಾಲ್ವಿಯೊ ಪುಸ್ತಕದಲ್ಲಿ. ಹೆಸರು ಮಾತ್ರ ಅಂಟಿಕೊಂಡಿದೆ.) ಇವು ಗೊತ್ತಿಲ್ಲದೆ ದೊಡ್ಡವರ ಆಟ ನೋಡಿದರೆ, ಅವರು ಯಾಕೆ ಆನೆಗೆ ಆನೆ ಹೊಡೆಯಲು ಒಪ್ಪಿದರು, ಯಾಕೆ ಒಪ್ಪಲಿಲ್ಲ ಎಂಬುದೇ ತಿಳಿಯುವುದಿಲ್ಲ.

ಮೊದಲ ವಾರದ ಕ್ರಮ ಹೀಗೆ. ಮರದ ಹಲಗೆ, ನಿಜವಾದ ಕಾಯಿಗಳು. ಫೋನಿನಲ್ಲಿ ಬೆರಳು ಓಡಿಬಿಡುತ್ತದೆ, ಹದಿನೆಂಟು ನಡೆ ಒಂದು ನಿಮಿಷದಲ್ಲಿ ಮುಗಿದುಹೋಗುತ್ತದೆ, ತಲೆಯಲ್ಲಿ ಏನೂ ಉಳಿದಿರುವುದಿಲ್ಲ. ಆಟದ ನಡೆಗಳ ಮೇಲೆ ಒಂದು ಕಾಗದ ಮುಚ್ಚಿ, ಗೆದ್ದವರ ಪ್ರತಿ ನಡೆಗೂ ಐದು ನಿಮಿಷ ತೆಗೆದುಕೊಂಡು ನನ್ನ ಊಹೆ ಮತ್ತು ಅದರ ಕಾರಣ ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ. ಆಮೇಲೆ ಕಾಗದ ಒಂದು ಸಾಲು ಕೆಳಗೆ. ನಡೆ ಸರಿ, ಕಾರಣ ತಪ್ಪು ಅಂದರೆ ಅರ್ಧ ಅಂಕ. ಈ ಅರ್ಧ ಅಂಕಗಳೇ ಮುಖ್ಯ, ಏಕೆಂದರೆ ಸ್ವಂತ ಆಟದಲ್ಲಿ ಕೈಕೊಡುವುದು ಇಂಥ ನಡೆಗಳೇ. ಇಂಜಿನ್, ಅಂದರೆ ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಂ, ಈ ಹಂತದಲ್ಲಿ ಕೋಣೆಯಲ್ಲೇ ಇರಬಾರದು.

ಕ್ಯಾಪಾಬ್ಲಾಂಕ ಆಟದ 35ನೇ ನಡೆಯ ಸ್ಥಿತಿಯನ್ನು ಜೋಡಿಸಿಕೊಳ್ಳಿ. (ಅಕ್ಷರ ಅಂದರೆ ಬಿಳಿಯ ಎಡದಿಂದ ಎಣಿಸಿದ ಉದ್ದಸಾಲು, ಅದೇ ಫೈಲ್; ಅಂಕಿ ಅಂದರೆ ಬಿಳಿಯ ಕಡೆಯಿಂದ ಎಣಿಸಿದ ಅಡ್ಡಸಾಲು.) ಬಿಳಿ: ರಾಜ ಎಫ್3, ಆನೆ ಎಚ್7, ಪಾನ್‌ಗಳು ಎ4, ಸಿ3, ಡಿ4, ಎಫ್4, ಜಿ5. ಕಪ್ಪು: ರಾಜ ಎಫ್8, ಆನೆ ಸಿ6, ಪಾನ್‌ಗಳು ಎ7, ಬಿ6, ಸಿ7, ಡಿ5, ಎಫ್5. ಐದಕ್ಕೆ ಐದು. ಕಪ್ಪು ಆನೆ ಸಿ3 ಪಾನನ್ನು ಚೆಕ್ ಸಮೇತ ಹೊಡೆಯಲು ಕಾದು ಕೂತಿದೆ, ಬಿಳಿಗೆ ಅದನ್ನು ಕಾಯುವ ನಡೆಯೇ ಇಲ್ಲ. ನಾನು ಬರೆದ ಊಹೆ ಆನೆ ಡಿ7. ಸಿ3 ಹೋದರೆ ಡಿ5 ಸಿಗುತ್ತದೆ, ಲೆಕ್ಕ ಸಮ. ಆದರೆ ಆನೆ ಡಿ5ಕ್ಕೆ ಇಳಿದ ಕ್ಷಣ ಏಳನೇ ಸಾಲು ತೆರವಾಗುತ್ತದೆ, ಎಂಟನೇ ಸಾಲಿನಲ್ಲಿ ಬಂದಿಯಾಗಿದ್ದ ಕಪ್ಪು ರಾಜ ಹೊರಗೆ ಬರುತ್ತಾನೆ. ಒಂದು ಪಾನ್‌ಗಾಗಿ ಇಡೀ ಜೈಲಿನ ಬೀಗ ತೆಗೆದಂತೆ.

ಕ್ಯಾಪಾಬ್ಲಾಂಕ ಆಡಿದ್ದು ರಾಜ ಜಿ3. ಆನೆ ಸಿ3 ಚೆಕ್, ರಾಜ ಎಚ್4, ಆನೆ ಎಫ್3, ಪಾನ್ ಜಿ6, ಆನೆ ಎಫ್4 ಚೆಕ್, ರಾಜ ಜಿ5, ಆನೆ ಇ4. ಈಗ ಬಿಳಿ ಎರಡು ಪಾನ್ ಹಿಂದೆ, ಡಿ4 ಪಾನ್ ಮೇಲೂ ಕಣ್ಣು ಬಿದ್ದಿದೆ. ಎಫ್5ರಲ್ಲಿ ಒಂದು ಪಾನ್ ಪುಕ್ಕಟೆಯಾಗಿ ನಿಂತಿದೆ. ಹೊಡೆಯಬೇಕೋ ಬೇಡವೋ? ಇಲ್ಲಿ ಐದು ನಿಮಿಷ ಸಾಲದು, ಇಪ್ಪತ್ತು ಕೊಡಿ.

ಹೊಡೆಯಲಿಲ್ಲ. 39ನೇ ನಡೆ ರಾಜ ಎಫ್6. ಎಫ್5ರ ಕಪ್ಪು ಪಾನ್ ಬಿಳಿ ರಾಜನಿಗೆ ಕೊಡೆ ಹಿಡಿದಂತೆ ನಿಂತಿದೆ. ಅದು ಇರುವವರೆಗೆ ಎಫ್ ಫೈಲಿನಲ್ಲಿ ಹಿಂದಿನಿಂದ ಚೆಕ್ ಬೀಳುವುದಿಲ್ಲ. ಹೊಡೆದಿದ್ದರೆ ಆನೆ ಡಿ4 ಹೊಡೆದು, ರಾಜ ಎಫ್6ಕ್ಕೆ ಬಂದ ಕೂಡಲೇ ಆನೆ ಎಫ್4 ಚೆಕ್. ಈಗ ಹಾಗಿಲ್ಲ: ಕಪ್ಪು ಡಿ4 ಹೊಡೆದರೆ ಬಿಳಿ ಆನೆ ಎಚ್8ಕ್ಕೆ ಬಂದು ಮೇಟ್. ಹಾಗಾಗಿ ರಾಜ ಜಿ8, ಆನೆ ಜಿ7 ಚೆಕ್, ರಾಜ ಎಚ್8, ಆನೆ ಸಿ7 ಹೊಡೆಯುತ್ತದೆ. ಮತ್ತೆ ಸಿ8ರಲ್ಲಿ ಮೇಟ್ ಬೆದರಿಕೆ, ಕಪ್ಪು ಆನೆ ಇ8ಕ್ಕೆ ಓಡಿಬರಬೇಕು. ಆಗ, 42ನೇ ನಡೆಯಲ್ಲಿ, ರಾಜ ಎಫ್5 ಪಾನನ್ನು ಹೊಡೆಯುತ್ತಾನೆ. ಕಪ್ಪು ಆನೆ ಎಂಟನೇ ಸಾಲಿಗೆ ಹಿಂದೆ ಸರಿದ ಮೇಲೆ ಕೊಡೆಯ ಕೆಲಸ ಮುಗಿಯಿತು. ಅದೇ ಪಾನ್, ಮೂರು ನಡೆ ಮುಂಚೆ ಹೊಡೆಯಬಾರದಿತ್ತು, ಈಗ ಹೊಡೆಯಬೇಕು. ಈ ಮೂರು ನಡೆಗಳ ಅಂತರವನ್ನು ಮಾತಿನಲ್ಲಿ ವಿವರಿಸಲು ಬಂದರೆ ಆಟ ಅರ್ಥವಾದಂತೆ. 52ನೇ ನಡೆಗೆ ಟಾರ್ಟಾಕೋವರ್ ಸೋಲೊಪ್ಪಿದರು.

ಇಷ್ಟಕ್ಕೇ ನಿಲ್ಲಿಸುವುದು ದೊಡ್ಡ ತಪ್ಪು. 35ನೇ ನಡೆ ಹೊಳೆಯುವ ನಡೆ, ಎಲ್ಲರೂ ಅಲ್ಲಿಂದಲೇ ಶುರುಮಾಡುತ್ತಾರೆ. ಆದರೆ ಎಚ್7ಕ್ಕೆ ಆ ಆನೆ ಬಂದದ್ದು ಹೇಗೆ? 23ನೇ ನಡೆ ಪಾನ್ ಎಚ್4. ರಾಣಿಗಳು ಇನ್ನೂ ಹಲಗೆಯ ಮೇಲಿವೆ. 25 ಮತ್ತು 26ರಲ್ಲಿ ರಾಣಿ ಮತ್ತು ಒಂದು ಜೋಡಿ ಆನೆ ಇ8ರಲ್ಲಿ ಬದಲಾದವು, ಕೂಡಲೇ 27ರಲ್ಲಿ ಎಚ್5, ಜಿ6ರಲ್ಲಿ ಹೊಡೆತ, 29ರಲ್ಲಿ ಆನೆ ಎಚ್1, 30ರಲ್ಲಿ ಎಚ್7. ಆ ಬದಲಾವಣೆಯ ಹೊತ್ತಿಗೆ ಪಾನ್‌ಗಳನ್ನಷ್ಟೇ ನೋಡಿದರೆ ಬಿಳಿಯದೇ ಹುಳುಕು: ಎ4 ಒಂಟಿ, ಸಿ3 ಹಿಂದುಳಿದದ್ದು, ಎರಡನ್ನೂ ಕಾಯಲು ಬೇರೆ ಪಾನ್ ಇಲ್ಲ, ಕಪ್ಪು ಕುದುರೆ ಎ5ರಿಂದ ಸಿ4ಕ್ಕೆ ಹೊರಟಿದೆ. ತೂಗಿದ್ದು ಒಂದೇ, ತೆರೆದುಕೊಳ್ಳಲಿದ್ದ ಎಚ್ ಫೈಲ್. ಆದ್ದರಿಂದ ಯಾವ ಆಟವನ್ನಾದರೂ ಎಂಡ್‌ಗೇಮ್ ಶುರುವಾಗುವ ಹತ್ತು ನಡೆ ಮುಂಚಿನಿಂದ ಜೋಡಿಸಿಕೊಳ್ಳುತ್ತೇನೆ.

ಎರಡನೇ ವಾರ ಸೋತವರ ಕಡೆ ಕೂರುವುದು. ಇದು ಬೇಸರದ ಕೆಲಸ, ಲಾಭ ಮಾತ್ರ ಹೆಚ್ಚು. 36ನೇ ನಡೆಯಲ್ಲಿ ಕಪ್ಪಿಗೆ ಆನೆ ಸಿ1 ಆಡಿ ನೋಡಿ, ಎಚ್1ರಿಂದ ಚೆಕ್ ಕೊಟ್ಟು ಆನೆಗಳನ್ನು ಬದಲಿಸುವ ಆಸೆಯಿಂದ. ರಾಜ ಎಚ್5, ಆನೆ ಎಚ್1 ಚೆಕ್, ರಾಜ ಜಿ6, ಆನೆ ಎಚ್7 ಹೊಡೆತ, ರಾಜ ಎಚ್7 ಹೊಡೆತ. ಉಳಿದದ್ದು ಪಾನ್‌ಗಳ ಆಟ, ಕಪ್ಪು ಒಂದು ಪಾನ್ ಮುಂದೆ. ಆದರೆ ಪಾನ್ ಸಿ5, ಪಾನ್ ಜಿ6, ಸಿಯಿಂದ ಡಿ4 ಹೊಡೆತ, ಜಿ7 ಚೆಕ್, ಮುಂದಿನ ನಡೆಗೆ ರಾಣಿ. ಕಪ್ಪಿನ ಪಾನ್ ಇನ್ನೂ ಡಿ4ರಲ್ಲಿದೆ. ಆನೆ ಬದಲಾವಣೆಗೆ ಬಿಳಿ ಯಾಕೆ ಹೆದರಲಿಲ್ಲ ಎಂಬುದು ಹೀಗೆ ಎದುರು ಕಡೆ ಕೂತಾಗಲೇ ಕಾಣುತ್ತದೆ.

ಮೂರನೇ ವಾರ ಅದೇ ಸ್ಥಿತಿಯನ್ನು ಸಮಬಲದವರೊಂದಿಗೆ, 15 ನಿಮಿಷ ಮತ್ತು ನಡೆಗೆ 10 ಸೆಕೆಂಡ್ ಗಡಿಯಾರ ಇಟ್ಟು, ಎರಡೂ ಬಣ್ಣದಲ್ಲಿ ನಾಲ್ಕು ಸಲ. ಇಂಜಿನ್ ತೆರೆಯುವುದು ಇದಾದ ಮೇಲೆ, ಅದೂ ನೋಟ್‌ಬುಕ್ಕಿನ ಊಹೆಗಳನ್ನು ಒಂದೊಂದಾಗಿ ತಾಳೆ ನೋಡಲು. ಟೇಬಲ್‌ಬೇಸ್, ಅಂದರೆ ಕೆಲವೇ ಕಾಯಿಗಳ ಎಲ್ಲ ಸ್ಥಿತಿಗಳಿಗೂ ಉತ್ತರ ಮೊದಲೇ ಲೆಕ್ಕಹಾಕಿಟ್ಟ ಕಂಪ್ಯೂಟರ್ ಪಟ್ಟಿ, ನಂಬಿ ಕೂರುವವರಿಗೆ ಒಂದು ಮಾತು: ಅದು ಏಳು ಕಾಯಿಗಳವರೆಗೆ ಮಾತ್ರ ಪಕ್ಕಾ ಉತ್ತರ ಕೊಡುತ್ತದೆ. ಈ ಆಟದಲ್ಲಿ ಹಲಗೆಯ ಮೇಲೆ ಏಳು ಕಾಯಿ ಉಳಿಯುವುದು 51ನೇ ನಡೆಯಲ್ಲಿ ಕಪ್ಪು ಆನೆ ಎ4 ಹೊಡೆದ ನಂತರ. ಒಂದೇ ನಡೆ ಬಾಕಿ.

ಕಾರ್ಪೊವ್ ಆಟಕ್ಕೆ ಬಂದಾಗ ಕೆಲಸ ಹಗುರವಾಗುತ್ತದೆ, ಕೇಳಬೇಕಾದ್ದು ಗೊತ್ತಿರುವುದರಿಂದ. 46ನೇ ನಡೆಯಲ್ಲಿ ಕಾಸ್ಪರೊವ್ ಜಿ ಪಾನ್‌ನಿಂದ ಎಚ್4ರಲ್ಲಿ ಹೊಡೆದರು. ಯಾರ ಕೈಯಾದರೂ ತಾನಾಗಿ ತಿರುಗಿ ಹೊಡೆಯಲು ಹೋಗುತ್ತದೆ. ಹೊಡೆದರೆ ಎಚ್4ರಲ್ಲಿ ಸ್ವಂತ ಪಾನೇ ರಾಜನ ದಾರಿಗೆ ಅಡ್ಡ ಕೂರುತ್ತದೆ. ಕಾರ್ಪೊವ್ ಕುದುರೆಯನ್ನು ಜಿ2ಕ್ಕೆ ಹಿಂದೆ ತಂದರು. ಕಪ್ಪು ಜಿ3 ಪಾನನ್ನೂ ಚೆಕ್ ಸಮೇತ ಹೊಡೆಯಿತು, ರಾಜ ಹೊಡೆದ. ಕುದುರೆ ಎಫ್4ರಿಂದ ಚೆಕ್ ಕೊಟ್ಟು ಎಚ್5 ಪಾನನ್ನು ಎತ್ತಿಕೊಂಡಿತು, ರಾಜ ಜಿ4, ಎಚ್5, ಜಿ6 ಎಂದು ನಡೆದೇ ಹೋದ. ಸುಂಕ ಒಂದು ಪಾನ್, ಅದೂ ನಾಲ್ಕು ನಡೆಯಲ್ಲಿ ವಾಪಸ್.

ಫಿಷರ್ ಆಟದಲ್ಲಿ ಸುಂಕ ಇಡೀ ಒಂಟೆ. ಕಪ್ಪು ಕುದುರೆ ಇ7ರಲ್ಲಿ ಜಿ6 ಪಾನಿನ ಕಾವಲಿಗೆ ಅಂಟಿಕೊಂಡಿದೆ, ಬಿಳಿ ರಾಜ ಎ6ರವರೆಗೆ ನುಗ್ಗಿದ್ದಾನೆ, ಬಿ6 ಪಾನನ್ನು ಕಾಯುತ್ತಿರುವುದು ಕಪ್ಪು ರಾಜ ಒಬ್ಬನೇ. 61ನೇ ನಡೆ ಒಂಟೆ ಇ8. ಕಪ್ಪು ರಾಜ ಡಿ8ಕ್ಕೆ ಹೋಗಿ ಒಂಟೆಯ ಮೇಲೆ ಬಿದ್ದ ಕೂಡಲೇ ಬಿ6 ಅನಾಥ. ಒಂಟೆ ಜಿ6 ಹೊಡೆಯುತ್ತದೆ, ಕುದುರೆ ಒಂಟೆಯನ್ನು ಹೊಡೆಯುತ್ತದೆ, ಬಿಳಿ ರಾಜ ಬಿ6, ಆಮೇಲೆ ಸಿ5. ಕುದುರೆ ಜಿ6ರಲ್ಲಿ, ಓಡುವ ಪಾನ್‌ಗಳು ಎ ಮತ್ತು ಬಿ ಫೈಲುಗಳಲ್ಲಿ. 71ನೇ ನಡೆಗೆ ಮುಗಿಯಿತು. ಇಲ್ಲಿ ನಡೆ ಊಹಿಸುವುದಕ್ಕಿಂತ ಕುದುರೆ ಎಷ್ಟು ನಡೆಯಲ್ಲಿ ಹಿಂದಿರುಗಬಲ್ಲದು ಎಂದು ಎಣಿಸಿ ಬರೆಯಿರಿ. ನನ್ನ ಎಣಿಕೆ ಮೊದಲ ಸಲ ಒಂದು ನಡೆ ತಪ್ಪಿತ್ತು, ಕುದುರೆಯ ಎಣಿಕೆ ಸಾಮಾನ್ಯವಾಗಿ ತಪ್ಪುವುದೂ ಆ ಒಂದರಿಂದಲೇ.