ಮುತ್ತಜ್ಜಿ ಎಡೆಯಲ್ಲಿ ಏನಿಡ್ತೀರಿ? ಅಲ್ಲಿಂದ ಶುರು ಮಾಡಿ

ಚಿತ್ರದುರ್ಗ, ದಾವಣಗೆರೆ ಕಡೆ ಹಿರೀಕರ ಬಗ್ಗೆ ಕೇಳಿದರೆ ಮಾತು ಸೀದಾ ಮದಕರಿ ನಾಯಕನ ಕಾಲಕ್ಕೆ ಹೋಗುತ್ತದೆ. "ನಮ್ಮೋರು ಕೋಟೆ ಕಾಯ್ತಿದ್ರು" ಅಂತಾರೆ. ಇರಬಹುದು. ಆದರೆ ಹೈದರಾಲಿ ಕೋಟೆ ಹಿಡಿದದ್ದು 1779ರಲ್ಲಿ. ಆಮೇಲೆ ಬಾಳಿ ಹೋದ ಇಷ್ಟೊಂದು ತಲೆಮಾರಿನವರ ಸುದ್ದಿ ಯಾರೂ ಹೇಳೋದಿಲ್ಲ. ನನಗೆ ಅವರೇ ಬೇಕು. ನಿಮ್ಮ ಮನೆತನದ ಅಂಥವರ ಕಥೆ ಹುಡುಕೋದು ಹೀಗೆ.

ಮೊದಲು ಹಿರಿಯರ ಹಬ್ಬದ ದಿನ ಎಡೆಯನ್ನು ಸರಿಯಾಗಿ ನೋಡಿ. ತೀರಿಕೊಂಡವರಿಗೆ ಇಷ್ಟವಾದದ್ದನ್ನೇ ಇಡುತ್ತಾರೆ, ಅಲ್ವಾ? ನಮ್ಮನೆಯಲ್ಲಿ ಹೋಳಿಗೆ, ತುಪ್ಪದ ಪಕ್ಕ ಹೊಸ ಸೀರೆಯ ಮಡಿಕೆ ಮೇಲೆ ಒಂದು ನಶ್ಯದ ಡಬ್ಬಿ ಇರುತ್ತದೆ, ಮುಚ್ಚಳ ತೆಗೆದು. ಮುತ್ತಜ್ಜನಿಗಲ್ಲ, ಮುತ್ತಜ್ಜಿಗೆ. ಯಾಕೆ ಅಂತ ದೊಡ್ಡಮ್ಮನನ್ನು ಕೇಳಿದೆ. ಮುತ್ತಜ್ಜಿ ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ನಸುಕಿಗೇ ಕೆಲಸಕ್ಕೆ ನಿಲ್ಲುತ್ತಿದ್ದಳಂತೆ. ನಿದ್ದೆ ಹಾರಿಸೋಕೆ ಹಿಡಿದ ನಶ್ಯ ಕೊನೆವರೆಗೂ ಬಿಡಲಿಲ್ಲವಂತೆ. ಒಂದು ಡಬ್ಬಿಯಿಂದ ಒಂದು ಇಡೀ ಬದುಕು ಹೊರಬಂತು.

ಆಮೇಲೆ ಮನೆದೇವರು. ನೀವಿರೋದು ಜಗಳೂರಿನಲ್ಲಿ, ಮನೆದೇವರು ಹೂವಿನಹಡಗಲಿ ಕಡೆಯ ಮೈಲಾರಲಿಂಗ ಅಂದರೆ ಹಿಂದಿನವರು ಆ ದಿಕ್ಕಿನಿಂದ ಬಂದಿರಬಹುದು. ಮೊದಲು ಯಾವ ಊರಲ್ಲಿದ್ದರು, ಯಾಕೆ ಬಿಟ್ಟರು ಅಂತ ಕೇಳಿ.

ನಿಮ್ಮ ಊರಿಗೆ ಹೆಳವರು ಬರುತ್ತಾರಾ? ಬಂದರೆ ಸುಮ್ನೆ ಕಾಳು ಕೊಟ್ಟು ಕಳಿಸಬೇಡಿ. ಹಿಂದೆ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತಾ ಬರುತ್ತಿದ್ದರು. ಮನೆತನದ ವಂಶಾವಳಿ ಇಟ್ಟುಕೊಂಡು ಹಾಡಿ ಹೇಳೋದು ಅವರ ಕಸುಬು. ಕೂರಿಸಿ, ಚಹಾ ಕೊಡಿ, ಪೂರ್ತಿ ಓದಿಸಿ, ಒಪ್ಪಿದರೆ ಫೋನಿನಲ್ಲಿ ರೆಕಾರ್ಡ್ ಮಾಡಿ. ಅದರಲ್ಲಿ ಗಂಡಸರ ಹೆಸರೇ ಜಾಸ್ತಿ. ಹೆಣ್ಣುಮಕ್ಕಳ ಸುದ್ದಿ ಸೋದರತ್ತೆಯರ ಬಾಯಲ್ಲೇ ಸಿಗಬೇಕು. ಅವರನ್ನು ಬೇರೆಯಾಗಿ ಕೂತು ಕೇಳಿ, ಗಂಡಸರು ಇಲ್ಲದಾಗ.

ಟ್ರಂಕಿನಲ್ಲಿ ಹಳೆ ಕ್ರಯಪತ್ರ ಇದ್ದರೆ ನಿಮ್ಮ ಅದೃಷ್ಟ. ಚಕ್ಕುಬಂದಿಯನ್ನು, ಅಂದರೆ ಜಮೀನಿನ ಸುತ್ತಲಿನ ಗಡಿಗಳ ವಿವರವನ್ನು, ನಿಧಾನವಾಗಿ ಓದಿ. ನಮ್ಮ ಪತ್ರದಲ್ಲಿ ಪೂರ್ವಕ್ಕೆ ಹುಣಸೆಮರ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಮುತ್ತಜ್ಜಿಯ ಅಣ್ಣನ ಹೊಲ. ಮುತ್ತಜ್ಜನ ಹೆಸರಿನ ಮುಂದೆ ಬೇರೆ ಊರು ಬರೆದು "ಹಾಲಿ ವಾಸ" ಅಂತ ಸೇರಿಸಿದ್ದಾರೆ. ಅವನು ಮನೆ ಅಳಿಯನಾಗಿ ಬಂದವನು! ಇದನ್ನು ಯಾರೂ ನಮಗೆ ಹೇಳಿರಲಿಲ್ಲ. ಕೆಳಗಿರುವ ಅವನ ಹೆಬ್ಬೆಟ್ಟು ಗುರುತನ್ನು ನಾನು ತುಂಬಾ ಹೊತ್ತು ನೋಡಿದೆ.

ಪತ್ರ ಇಲ್ಲದಿದ್ದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಹಳೆ ಪಹಣಿ ಕೇಳಿ. ಒಂದು ಮಾತು ನೆನಪಿರಲಿ, ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಮುಂಚಿನ ಕಾಗದಗಳಲ್ಲಿ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆ ಅಂತಲೇ ಇರುತ್ತವೆ. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಲ್ಲಿದ್ದವು.

ಅಜ್ಜಿಯರಿಗೆ ಇಸವಿ ಕೇಳಿದರೆ ಸಿಗೋದಿಲ್ಲ. ಬರ, ರೋಗ, ಅಣೆಕಟ್ಟೆ ಇಟ್ಟುಕೊಂಡು ಕೇಳಿ. ಧಾತು ಬರ ಅಂದರೆ 1876-78. ಬರೀ "ಧಾತು ಸಂವತ್ಸರ" ಅಂದರೆ ಜೋಪಾನ, ಅದು 60 ವರ್ಷಕ್ಕೊಮ್ಮೆ ಬರುತ್ತದೆ, 1936-37 ಕೂಡ ಧಾತುವೇ. ಮೈಸೂರು ಸಂಸ್ಥಾನಕ್ಕೆ ಪ್ಲೇಗ್ ಕಾಲಿಟ್ಟದ್ದು 1898ರಲ್ಲಿ. ಹಿರಿಯೂರಿನ ಹತ್ತಿರ ಮಾರಿಕಣಿವೆ ಕಟ್ಟೆ (ವಾಣಿವಿಲಾಸ ಸಾಗರ) ಕೆಲಸ ಮುಗಿದದ್ದು 1907ರಲ್ಲಿ. "ಕಟ್ಟೆ ಕಟ್ಟೋವಾಗ ನಮ್ಮಪ್ಪ ಕಲ್ಲು ಹೊರ್ತಿದ್ದ" ಅಂದರೆ ಕಾಲ ಸಿಕ್ಕಿತು.

ಇಬ್ಬರು ಎರಡು ಥರ ಹೇಳಿದರೆ ಎರಡನ್ನೂ ಬರೆಯಿರಿ, ಹೇಳಿದವರ ಹೆಸರು ಹಾಕಿ. ಮುತ್ತಜ್ಜ ಊರು ಬಿಟ್ಟದ್ದು ಪ್ಲೇಗಿಗೆ ಹೆದರಿ ಅಂತ ನಮ್ಮ ದೊಡ್ಡಪ್ಪ ಹೇಳುತ್ತಾರೆ. ಸೋದರತ್ತೆ ಒಪ್ಪೋದಿಲ್ಲ. ಅಣ್ಣತಮ್ಮಂದಿರು ಒಂದು ಹೋರಿಗಾಗಿ ಜಗಳ ಆಡಿದರು, ಅದಕ್ಕೇ ಬಂದ ಅಂತಾರೆ. ಹೋರಿಯ ಬಣ್ಣವನ್ನೂ ಹೇಳುತ್ತಾರೆ, ಮಾಸಲು ಬಿಳಿ, ಒಂದು ಕೊಂಬು ಸೊಟ್ಟ.