ದಾನಿಗಳು, ಸ್ವಯಂಸೇವಕರು ನಿಮ್ಮ ಜೊತೆಗೇ ಉಳಿಯಬೇಕೇ? ಹೀಗೆ ಮಾಡಿ

ದುಡ್ಡು ಬೇಕಾದಾಗ ಮಾತ್ರ ಫೋನ್ ಮಾಡುವ ನೆಂಟರು ಯಾರಿಗೂ ಇಷ್ಟವಾಗುವುದಿಲ್ಲ. ಎಷ್ಟೋ ಸೇವಾ ಸಂಸ್ಥೆಗಳು ತಮಗೇ ಅರಿವಿಲ್ಲದೆ ಇದೇ ಸಾಲಿಗೆ ಸೇರಿಬಿಡುತ್ತವೆ.

ಮೊದಲು ದಾನಿಗಳ, ಸ್ವಯಂಸೇವಕರ ಪಟ್ಟಿ ಸರಿಮಾಡಿಕೊಳ್ಳಿ. ದುಬಾರಿ ಸಾಫ್ಟ್‌ವೇರ್ ಬೇಡ, ಎಕ್ಸೆಲ್ ಹಾಳೆ ಸಾಕು. ಹೆಸರು, ಫೋನ್, ಮೊತ್ತ, ತಾರೀಖು ಎಲ್ಲರೂ ಬರೆದಿಡುತ್ತಾರೆ. ಇನ್ನೆರಡು ಕಾಲಂ ಸೇರಿಸಿ: ಇವರು ನಮ್ಮ ಹತ್ತಿರ ಯಾಕೆ ಬಂದರು? ಏನನ್ನೂ ಕೇಳದೆ ಇವರನ್ನು ಕೊನೆಯ ಸಲ ಮಾತಾಡಿಸಿದ್ದು ಯಾವಾಗ? ದಾನಿಗಳಿಗೂ ಸ್ವಯಂಸೇವಕರಿಗೂ ಬೇರೆ ಬೇರೆ ಪಟ್ಟಿ ಇಡಬೇಡಿ. ವರ್ಷವಿಡೀ ನಿಮ್ಮಲ್ಲಿ ದುಡಿದವರಿಗೆ 'ನಮ್ಮ ಸಂಸ್ಥೆಯ ಪರಿಚಯ' ಎಂಬ ಪತ್ರ ಹೋದರೆ ಮುಜುಗರ ಅಲ್ವಾ?

ಹಣ ಬಂದ 48 ಗಂಟೆಯೊಳಗೆ ಥ್ಯಾಂಕ್ಸ್ ಹೇಳಿ. ರಸೀದಿ ಕಳಿಸಿದರೆ ಥ್ಯಾಂಕ್ಸ್ ಹೇಳಿದಂತಾಗುವುದಿಲ್ಲ. ಮೊದಲ ಸಲ ಕೊಟ್ಟವರಿಗಂತೂ ಒಬ್ಬರು ಫೋನ್ ಮಾಡಿಯೇ ಮಾತಾಡಲಿ. ಹೊಸ ದಾನಿಗಳಲ್ಲಿ ಹೆಚ್ಚಿನವರು ಎರಡನೇ ಸಲ ಕೊಡುವುದೇ ಇಲ್ಲ. ಎರಡನೇ ಸಲ ಕೊಟ್ಟವರು ಮಾತ್ರ ಉಳಿಯುವ ಸಾಧ್ಯತೆ ಜಾಸ್ತಿ.

ಮುಂದಿನದು ಬಹಳ ಜನ ಮರೆಯುವ ಹೆಜ್ಜೆ. ಮತ್ತೆ ಕೇಳುವ ಮುಂಚೆ, ಹಿಂದೆ ಕೊಟ್ಟದ್ದು ಏನಾಯಿತು ಎಂದು ತಿಳಿಸಿ. ಬಣ್ಣದ ವಾರ್ಷಿಕ ವರದಿಯನ್ನು ಓದುವವರು ಕಡಿಮೆ. ನಾಲ್ಕು ಸಾಲು, ಒಂದು ಫೋಟೊ ಸಾಕು. ಫೋಟೊದಲ್ಲಿರುವವರ ಒಪ್ಪಿಗೆ ಮೊದಲೇ ಪಡೆದಿರಿ. ಅಂದುಕೊಂಡ ಕೆಲಸ ಆಗದಿದ್ದರೆ ಅದನ್ನೂ ಹೇಳಿ. ಗ್ರಂಥಾಲಯಕ್ಕೆಂದು ಕೊಟ್ಟ ಹಣವನ್ನು ಬಾಡಿಗೆಗೆ ಬಳಸಬೇಕಾದ ಪರಿಸ್ಥಿತಿ ಬಂದರೆ, ಬಳಸುವ ಮುಂಚೆಯೇ ದಾನಿಯನ್ನು ಕೇಳಿ. ಎಷ್ಟೋ ಜನ ಒಪ್ಪುತ್ತಾರೆ. ಆಮೇಲೆ ಬೇರೆಯವರಿಂದ ಗೊತ್ತಾದರೆ ನಂಬಿಕೆ ಹೋಯಿತು ಎಂದೇ ಲೆಕ್ಕ.

ಸ್ವಯಂಸೇವಕರ ವಿಷಯದಲ್ಲಿ ಹಣದ ಬದಲು ಸಮಯದ ಲೆಕ್ಕ ಕೊಡಬೇಕು. ಏನು ಕೆಲಸ, ಎಷ್ಟು ಹೊತ್ತು, ಯಾರನ್ನು ಕೇಳಬೇಕು ಎಂಬುದು ಬರುವ ಮುಂಚೆಯೇ ಗೊತ್ತಿರಲಿ. ರಜೆ ಬಿಟ್ಟು ಬಂದವರನ್ನು ಸುಮ್ನೆ ಕೂರಿಸಿದರೆ ಮತ್ತೆ ಬರುವುದಿಲ್ಲ. ಅಕೌಂಟೆಂಟ್ ಬಂದರೆಂದು ಲೆಕ್ಕದ ಪುಸ್ತಕ ಮುಂದಿಡಬೇಡಿ. ಪಾಪ, ಅದರಿಂದ ತಪ್ಪಿಸಿಕೊಳ್ಳಲೆಂದೇ ಅವರು ಬಂದಿರಬಹುದು. ಏನು ಮಾಡಲು ಇಷ್ಟ ಎಂದು ಕೇಳಿ. ಓಡಾಟದ ಖರ್ಚನ್ನು ಅವರು ಕೇಳುವ ಮುಂಚೆಯೇ ಕೊಡಿ. ಡಿಸೆಂಬರ್ 5 ಅಂತರರಾಷ್ಟ್ರೀಯ ಸ್ವಯಂಸೇವಕರ ದಿನ. 1985ರಲ್ಲಿ ವಿಶ್ವಸಂಸ್ಥೆ ಇದನ್ನು ಗೊತ್ತುಮಾಡಿತು. ಅಂದು ಪ್ರಮಾಣಪತ್ರ ಹಂಚುವುದು ಒಳ್ಳೆಯದೇ. ಆದರೆ 'ನೀವು ಪಾಠ ಹೇಳಿದ ಹುಡುಗಿ ಈಗ ತಾನಾಗಿಯೇ ಓದುತ್ತಾಳೆ' ಎಂಬ ಮಾತು ಅದಕ್ಕಿಂತ ಹೆಚ್ಚು ದಿನ ನೆನಪಿರುತ್ತದೆ. ಬಿಟ್ಟು ಹೋಗುವವರನ್ನು ಕಾರಣ ಕೇಳಿ. ನಿಮ್ಮ ಲೋಪಗಳನ್ನು ಅವರಷ್ಟು ನೇರವಾಗಿ ಬೇರೆ ಯಾರೂ ಹೇಳುವುದಿಲ್ಲ.

ಇಷ್ಟಾದ ಮೇಲೆ ಕೇಳಿ. ಯಾವುದಕ್ಕೆ, ಎಷ್ಟು, ಯಾವಾಗ ಬೇಕು ಎಂದು ಬಿಡಿಸಿ ಹೇಳಿ. ಒಂದೇ ಸಲ ದೊಡ್ಡ ಮೊತ್ತ ಕಷ್ಟವಾದರೆ ತಿಂಗಳಿಗೆ ಸ್ವಲ್ಪ ಕೊಡುವ ದಾರಿಯೂ ಇರಲಿ. ಈಗ ಆಗಲ್ಲ ಎಂದವರನ್ನು ಒತ್ತಾಯಿಸಬೇಡಿ. ಸಂದೇಶವೇ ಬೇಡ ಎಂದವರಿಗೆ ಅಂದೇ ನಿಲ್ಲಿಸಿ.