ಅಡಿಕೆ ಡ್ರೈಯರಿನಲ್ಲಿ ಬೆಂದ ಹೆರಾಲ್ಡ್ ಬುಷ್

ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹಳೇ ಕಾರನ್ನು ಸ್ಪೋರ್ಟ್ಸ್ ಕಾರು ಅಂದರೆ ನಗುವವರಿದ್ದಾರೆ. ನಗಲಿ. ಇದರ ಚಾಸಿಯನ್ನೇ ಗಿಡ್ಡ ಮಾಡಿ ಟ್ರಯಂಫ್ ಸ್ಪಿಟ್‌ಫೈರ್ ಸ್ಪೋರ್ಟ್ಸ್ ಕಾರು ಕಟ್ಟಿದ್ದು. ನನ್ನದು ಮದ್ರಾಸಿನಲ್ಲಿ ತಯಾರಾದ ಎರಡು ಬಾಗಿಲಿನ ಗಾಡಿ. ಇದರ ಟಾಪು ಬೋಲ್ಟಿನಲ್ಲಿ ಕೂತಿರುತ್ತದೆ. ಅಪ್ಪಯ್ಯ ಯಾವ ಕಾಲದಲ್ಲೋ ಅದನ್ನು ಬಿಚ್ಚಿ ಅಟ್ಟಕ್ಕೆ ಹಾಕಿ ಕ್ಯಾನ್ವಾಸ್ ಹೊದಿಸಿದ್ದರು. ಆಗುಂಬೆ ಘಾಟಿಯ 14 ತಿರುವುಗಳನ್ನು ಟಾಪಿಲ್ಲದ ಗಾಡಿಯಲ್ಲಿ ಇಳಿದು ನೋಡಿ, ಆಮೇಲೆ ನಗಬಹುದು.

ಆ ತಿರುವುಗಳಲ್ಲೇ ತೊಂದರೆ ಗೊತ್ತಾಗಿದ್ದು. ಬ್ರೇಕ್ ಒತ್ತಿದರೆ ಮೂತಿ ಎಡಕ್ಕೆ ಹೋಗುತ್ತಿತ್ತು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಅರವತ್ತು ಕಿಲೋಮೀಟರ್ ಚಿಲ್ಲರೆ ದಾರಿ, ಮಂಡಗದ್ದೆ ದಾಟುವಷ್ಟರಲ್ಲಿ ಕೈ ಸೋಲುತ್ತಿತ್ತು. ಬಾನೆಟ್ ಎತ್ತಿ ಮುಂದಿನ ಚಕ್ರ ಹಿಡಿದಿರುವ ವಿಶ್‌ಬೋನ್ ತೋಳಿಗೆ ಲಿವರ್ ಕೊಟ್ಟರೆ ಬೆರಳು ತೂರುವಷ್ಟು ಆಟ. (ಇಡೀ ಮುಂಭಾಗ ಬಾಯಿ ತೆರೆದ ಹಾಗೆ ಮುಂದಕ್ಕೆ ಮಗುಚುವುದರಿಂದ ಕೆಲಸ ಮಾಡುವವರಿಗೆ ಇಷ್ಟು ಸಲೀಸು ಗಾಡಿ ಇನ್ನೊಂದಿಲ್ಲ.) ಆ ತೋಳು ಚಾಸಿಗೆ ಸೇರುವಲ್ಲಿ ಅದುರು ತಡೆಯುವ ರಬ್ಬರ್ ಬಳೆಗಳು, ಅಂದರೆ ಬುಷ್‌ಗಳು, ಎಂಟೂ ಹೋಗಿದ್ದವು.

ಮೊದಲ ಸಲ ಚೆನ್ನೈಯಿಂದ ಹಳೇ ಸ್ಟಾಕಿನ ರಬ್ಬರ್ ಬುಷ್ ತರಿಸಿದೆ. ಎಂಟಕ್ಕೆ ಎರಡು ಸಾವಿರದ ನಾನೂರೋ ಐನೂರೋ ಕೊಟ್ಟ ನೆನಪು. ಅಂಟುವಾಳಕಾಯಿ ಕಿವುಚಿದ ನೊರೆ ಹಚ್ಚಿ ವೈಸಿನಲ್ಲಿ ಒತ್ತಿದರೆ ಬೆಣ್ಣೆಯ ಹಾಗೆ ಕೂತವು. ರಬ್ಬರಿಗೆ ಗ್ರೀಸ್ ಹಚ್ಚಿ ಉಬ್ಬಿಸಿಕೊಂಡವರು ಇದನ್ನು ಗುರುತು ಹಾಕಿಕೊಳ್ಳಿ. ಆದರೆ ಗಾಡಿ ಜಾಕಿನ ಮೇಲೆ ಚಕ್ರ ಜೋತುಬಿದ್ದಿರುವಾಗಲೇ ಕೆಲಸದ ಹುಡುಗ ನಟ್ಟುಗಳನ್ನು ಪೂರ್ತಿ ಬಿಗಿದಿದ್ದಾನೆ. ನಾನು ಕಾಫಿಗೆ ಹೋಗಿದ್ದೆ. ಕೆಳಗಿಳಿಸಿದ ಕ್ಷಣದಿಂದಲೇ ರಬ್ಬರ್ ತಿರುಚಿಕೊಂಡು ನಿಂತಿತ್ತು. ಆರು ತಿಂಗಳಲ್ಲಿ ಚಿಂದಿ. ಚಕ್ರ ನೆಲದ ಮೇಲೆ, ಒಳಗೆ ಇಬ್ಬರು ಕೂತ ಭಾರ, ಆಮೇಲೆ ಬಿಗಿ: ಇದು ನನಗೂ ಗೊತ್ತಿದ್ದದ್ದೇ, ಆ ದಿನ ಕಾಫಿ ಹೆಚ್ಚಾಯಿತು.

ಎರಡನೇ ಸಲ ಶಿವಮೊಗ್ಗದ ಒಂದು ಲೇತಿನಲ್ಲಿ ನೈಲಾನ್ ರಾಡಿನಿಂದ ತಿರುವಿಸಿದೆ. ಒಂದಕ್ಕೆ ನೂರೈವತ್ತು. ಕಂಪನಿಯವರೇ ಚಕ್ರ ತಿರುಗುವ ಕೆಳಗಿನ ಕೀಲಾದ ಟ್ರನಿಯನ್ನಿಗೆ ನೈಲಾನ್ ಬುಷ್ ಹಾಕಿರುವಾಗ ಇಲ್ಲಿ ಯಾಕಾಗಬಾರದು ಅನ್ನುವುದು ನನ್ನ ವಾದ. ಮಾರ್ಚಿನಲ್ಲಿ ಗಾಡಿ ಬಾಣದ ಹಾಗೆ ಹೋಯಿತು, ಊರೆಲ್ಲ ಹೇಳಿಕೊಂಡು ತಿರುಗಿದೆ. ಜುಲೈಯಲ್ಲಿ ಒಂದು ಹಂಪ್ ಹತ್ತಿಸಿದೆ ನೋಡಿ, ಮೂತಿ ಎತ್ತಿದ್ದು ಎತ್ತಿಕೊಂಡೇ ನಿಂತಿತು! ನೈಲಾನ್ ನೀರು ಕುಡಿದು ಉಬ್ಬಿ ಒಳಗಿನ ಸ್ಲೀವನ್ನು (ಬೋಲ್ಟ್ ತೂರುವ ಲೋಹದ ಕೊಳವೆ) ಕಚ್ಚಿಕೊಂಡಿತ್ತು. ನಮ್ಮ ಕಡೆಯ ಮಳೆಗಾಲದಲ್ಲಿ ಬಾಗಿಲೇ ಉಬ್ಬಿ ಹಾಕಲಾಗುವುದಿಲ್ಲ, ಇದು ಉಬ್ಬದೇ ಇರುತ್ತದೆಯೇ. ಸುತ್ತಿಗೆಯಲ್ಲಿ ಬಿಚ್ಚುವ ಗಡಿಬಿಡಿಯಲ್ಲಿ ಕೆಳಗಿನ ಬ್ರಾಕೆಟ್ಟಿನ ಶಿಮ್ಮುಗಳು (ಚಕ್ರದ ಓರೆ ಸರಿಮಾಡಲು ಇಡುವ ತೆಳು ತಗಡುಗಳು) ಬೆರೆತುಹೋದವು. ಆ ತಪ್ಪಿಗೆ ಎರಡು ಟೈರಿನ ಒಳಅಂಚು ಸವೆದು ಇನ್ನೊಂದು ಏಳು ಸಾವಿರ ಹೋಯಿತು.

ವಿದೇಶದಿಂದ ಪಿಯು, ಅಂದರೆ ಪಾಲಿಯುರೆಥೇನ್ ಪ್ಲಾಸ್ಟಿಕ್ಕಿನ ಬುಷ್ ಸೆಟ್ ತರಿಸೋಣವೆಂದರೆ ಡ್ಯೂಟಿ, ಕೊರಿಯರ್ ಎಲ್ಲ ಸೇರಿ ಹದಿನೇಳು ಸಾವಿರದ ಹತ್ತಿರ ಬಂತು. ಅಡಿಕೆಗೆ ಎಲೆಚುಕ್ಕಿ ರೋಗ ಬಿದ್ದ ವರ್ಷ ಮನೆಯಲ್ಲಿ ಆ ಮಾತೆತ್ತುವ ಧೈರ್ಯ ಬರಲಿಲ್ಲ. ನಾನೇ ಎರಕ ಹೊಯ್ಯುತ್ತೇನೆ ಅಂದೆ. ಆಟೋ ಕಾಂಪ್ಲೆಕ್ಸಿನ ನಮ್ಮ ಮೇಸ್ತ್ರಿ, "ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ ಆಗುತ್ತೆ ಗೌಡ್ರೆ, ಈ ಥಂಡಿ ಹವೆಗೆ ಪಿಯು ಆಗಲ್ಲ" ಅಂದರು.

ಮೊದಲ ಬ್ಯಾಚಿಗೆ ಅವರ ಮಾತೇ ನಿಜವಾಯಿತು. ಒಂದು ಕಿಲೋ ರೆಸಿನ್, ಹಾರ್ಡನರ್ ಸೇರಿ ಹದಿನಾಲ್ಕು ನೂರು. ಅಲ್ಯೂಮಿನಿಯಂ ಅಚ್ಚು ಎರಡಕ್ಕೆ ಸಾವಿರದ ಎಂಟುನೂರು. ಆಗಸ್ಟ್ ತಿಂಗಳಲ್ಲಿ ಜಗಲಿಯ ಮೇಲೆ ಕಲಸಿ ಹೊಯ್ದೆ. ಹಾರ್ಡನರ್ ಗಾಳಿಯ ತೇವ ಹಿಡಿದು ಗುಳ್ಳೆ ಎದ್ದು, ಬಿಡಿಸಿ ನೋಡಿದರೆ ಸೆಟ್ ದೋಸೆ. ಎರಡನೆಯ ಬ್ಯಾಚೂ ಹಾಗೇ. ಹಳೇ ಫ್ರಿಜ್ಜಿನ ಕಂಪ್ರೆಸರನ್ನು ಪ್ರೆಶರ್ ಕುಕ್ಕರಿಗೆ ಜೋಡಿಸಿ ಕಲಸಿದ ರೆಸಿನ್ನಿನ ಗಾಳಿ ಎಳೆದೆ. ಗುಳ್ಳೆ ಅರ್ಧ ಕಡಿಮೆಯಾದವು, ಕುಕ್ಕರ್ ಮಾತ್ರ ಅಡುಗೆಮನೆಗೆ ವಾಪಸ್ ಹೋಗಲಿಲ್ಲ. ಹೊಸದಕ್ಕೆ ಎರಡು ಸಾವಿರ, ಅದನ್ನು ಲೆಕ್ಕದಲ್ಲಿ ಬರೆದಿಲ್ಲ.

ದಾರಿ ಹೊಳೆದದ್ದು ಕೊಯ್ಲು ಶುರುವಾದ ಮೇಲೆ. ಸೌದೆ ಹಾಕುವ ಅಡಿಕೆ ಡ್ರೈಯರ್ ನಮ್ಮಲ್ಲಿದೆ. ಒಳಗೆ ಅರವತ್ತು ಎಪ್ಪತ್ತು ಡಿಗ್ರಿ ಇರಬಹುದು. ಹೊರಗೆ ಮಂಜು ಸುರಿಯುತ್ತಿದ್ದರೂ ಒಳಗಿಟ್ಟ ಬಟ್ಟೆ ಗರಿಗರಿ. ಅಚ್ಚು, ಸ್ಲೀವು, ಕಲಸುವ ಸ್ಟೀಲ್ ಲೋಟ ಎಲ್ಲವನ್ನೂ ಹಿಂದಿನ ರಾತ್ರಿಯೇ ಅದರೊಳಗೆ ಇಟ್ಟೆ. ಮಧ್ಯಾಹ್ನ ಎರಡಕ್ಕೆ, ಬಿಸಿಲು ಏರಿದ ಹೊತ್ತಿನಲ್ಲಿ, ಅಂಗಳದಲ್ಲೇ ಮುಖಕ್ಕೆ ಮಾಸ್ಕ್ ಕಟ್ಟಿ ಕಲಸಿದೆ. ಆ ಹೊಗೆ ಒಳ್ಳೆಯದಲ್ಲ, ಮಕ್ಕಳನ್ನು ಹತ್ತಿರ ಬಿಡಬೇಡಿ. ಕುಕ್ಕರಿನಲ್ಲಿ ನಾಲ್ಕು ನಿಮಿಷ ಗಾಳಿ ಎಳೆದು, ಬಿಸಿ ಅಚ್ಚಿಗೆ ಹೊಯ್ದು, ತಕ್ಷಣ ಡ್ರೈಯರಿಗೆ. ಮಾರನೇ ದಿನ ಸಂಜೆ ಬಿಡಿಸಿದರೆ ಜೇನಿನ ಬಣ್ಣ, ಒಂದು ಗುಳ್ಳೆ ಇಲ್ಲ. ಅಚ್ಚಿಗೆ ಅಂಟದ ಹಾಗೆ ಏನು ಸವರುತ್ತೇನೆ ಅಂತ ನಾಲ್ಕು ಜನ ಕೇಳಿದ್ದಾರೆ, ಅದು ನನ್ನಲ್ಲೇ ಇರಲಿ. ತೂಕದ ಅಳತೆಯನ್ನು ಡಬ್ಬಿಯ ಮೇಲಿದ್ದಂತೆಯೇ ಹಿಡಿದರೂ ನಡೆಯುತ್ತದೆ, ನಾನು ಹಿಡಿಯುವುದಿಲ್ಲ.

ಆ ಸೆಟ್ಟನ್ನು ಹಾಕಿದಾಗಲೂ ಒಂದು ಪೆಟ್ಟು ಬಿತ್ತು. ಗಟ್ಟಿ ಇದ್ದಷ್ಟೂ ಒಳ್ಳೆಯದೆಂದು ಗಟ್ಟಿತನದ ಅಳತೆಯಲ್ಲಿ 95ರ ರೆಸಿನ್ ತಂದಿದ್ದೆ. ಗಾಡಿ ಎತ್ತಿನಗಾಡಿಯಾಯಿತು, ಜಂಬಿಟ್ಟಿಗೆ ರಸ್ತೆಯ ಒಂದೊಂದು ಕಲ್ಲೂ ಹಲ್ಲಿಗೆ ಗೊತ್ತಾಗುತ್ತಿತ್ತು. ಮತ್ತೆ ಬಿಚ್ಚಿ 80ರದ್ದು ಹೊಯ್ದೆ. ಈಗ ಸರಿ. ಪಿಯುಗೆ ಸಿಲಿಕೋನ್ ಗ್ರೀಸೇ ಹಾಕಬೇಕು, ಇಲ್ಲದಿದ್ದರೆ ಹಳೇ ಮಂಚದ ಹಾಗೆ ಕಿರುಗುಡುತ್ತದೆ. ಶಿಮ್ಮುಗಳನ್ನು ಈ ಸಲ ಎಡ ಬಲ ಅಂತ ಬರೆದು ದಾರಕ್ಕೆ ಪೋಣಿಸಿಟ್ಟಿದ್ದೆ.

ಉಳಿದ ರೆಸಿನ್ನಿನಲ್ಲಿ ಹುಲ್ಲು ಕತ್ತರಿಸುವ ಮಷಿನ್ನಿನ ಹ್ಯಾಂಡಲಿಗೆ ಬುಷ್ ಹೊಯ್ದೆ, ಕೈ ಜುಮ್ಮೆನ್ನುವುದು ನಿಂತಿತು. ಪಕ್ಕದ ತೋಟದವರು ಮೂರು ಮಾಡಿಸಿಕೊಂಡು ಹೋದರು. ನೆಂಟರೊಬ್ಬರು ತೋಟದ ರಬ್ಬರ್ ಶೀಟನ್ನೇ ಕತ್ತರಿಸಿ ಬಾಡಿ ಮೌಂಟಿಗೆ (ಬಾಡಿ ಚಾಸಿಯ ಮೇಲೆ ಕೂರುವ ಕಡೆ) ಹಾಕು ಅಂದಿದ್ದರು. ಹಾಕಿದೆ. ಬಿಸಿಲಿಗೆ ಹಲಸಿನ ಮೇಣವಾಗಿ ಚಾಸಿಗೆಲ್ಲ ಮೆತ್ತಿಕೊಂಡಿತು, ಸೀಮೆಎಣ್ಣೆಯಲ್ಲಿ ಉಜ್ಜಿ ತೆಗೆಯಲು ಒಂದು ಭಾನುವಾರ ಬೇಕಾಯಿತು.

ಎಲ್ಲ ಕೂಡಿದರೆ ಹನ್ನೊಂದು ಹನ್ನೆರಡು ಸಾವಿರ ಆಗಿರಬೇಕು, ಟೈರು ಬಿಟ್ಟು. ಹದಿನೇಳು ಸಾವಿರದ ಸೆಟ್ಟೇ ಅಗ್ಗವಾಗುತ್ತಿತ್ತಲ್ಲ ಅಂತ ಹೆಂಡತಿ ಟೈರನ್ನೂ ಕುಕ್ಕರನ್ನೂ ಸೇರಿಸಿ ತೋರಿಸಿದಳು. ಆದರೆ ಅಚ್ಚು ನನ್ನದು, ಇನ್ನು ಮುಂದೆ ಎಂಟು ಬುಷ್ಷಿಗೆ ಆರುನೂರು ಏಳುನೂರರಲ್ಲಿ ಕೆಲಸ ಮುಗಿಯುತ್ತದೆ. ಎರಡು ಮಳೆಗಾಲ, ಆರು ಸಾವಿರ ಕಿಲೋಮೀಟರ್ ಕಳೆದಿದೆ. ಹೋದ ತಿಂಗಳು ಮೇಸ್ತ್ರಿ ತಾವೇ ಲಿವರ್ ಹಾಕಿ ಅಲ್ಲಾಡಿಸಿ ನೋಡಿದರು. ಏನೂ ಹೇಳಲಿಲ್ಲ, ಯಾವುದೋ ಹಳೇ ಜೀಪಿನ ಬುಷ್ಷೊಂದನ್ನು ಜೇಬಿನಿಂದ ತೆಗೆದು, "ಇದರ ಅಳತೆಗೆ ಆಗುತ್ತಾ?" ಅಂದರು.

ಹಿಂದಿನ ಚಕ್ರ ಹಿಡಿದಿರುವ ರೇಡಿಯಸ್ ಆರ್ಮ್ ತೋಳುಗಳ ನಾಲ್ಕು ಬುಷ್ ಬಾಕಿ ಇವೆ. ಅಡಿಕೆ ಕೊನೆ ಇಳಿಸಿ ಡ್ರೈಯರಿಗೆ ಬೆಂಕಿ ಬಿದ್ದ ಮೇಲೆ ನೋಡಬೇಕು.